ಕಣಜದೊಳಗೆ ಒಂದು ಟೇಕು

ಎಡಗಡೆಯ ಮೈಕಿನ ದನಿ ದಪ್ಪಗಾಗತೊಡಗಿದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳುತ್ತಿರುವುದು ನೆನಪಿನಿಂದಲ್ಲ. ರೆಕಾರ್ಡರು ದನಿಯ ಜೊತೆಗೆ ಹೊತ್ತನ್ನೂ ಬರೆದಿಡುತ್ತದೆ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತ ತುಂಬಿದ ಕಬ್ಬಿಣದ ಕಣಜದ ಬುಡದಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಾನು ಕಣ್ಣು ಮುಚ್ಚಿ ನಿಂತಿದ್ದೆ. ನನ್ನ ತಲೆಯಿಂದ ಹದಿನೈದು ಅಡಿ ಮೇಲೆ, ಕಣಜದ ಒಳಗೆ, ಹುಲಗಪ್ಪ ಎಂಬ ತರುಣ ಭತ್ತದಲ್ಲಿ ಹೂತುಹೋಗುತ್ತಿದ್ದ. ನನ್ನ ಕಿವಿಗೆ ಬರುತ್ತಿದ್ದುದು ಅದೇ. ನನಗೆ ಖುಷಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡದಿದ್ದರೆ ಉಳಿದದ್ದನ್ನು ಬರೆಯಲು ನನಗೆ ಮುಖವಿಲ್ಲ.

ನನ್ನ ಸ್ಟುಡಿಯೊ ಮುಚ್ಚಿ ಎರಡು ವರ್ಷವಾಯಿತು. ಧ್ವನಿಮುದ್ರಣದ ಕೆಲಸಕ್ಕೆ ಇಳಿಯುವ ಹೊಸಬರು ಈಗಲೂ ಫೋನು ಮಾಡುತ್ತಾರೆ. ಯಾವ ಮೈಕು ಕೊಳ್ಳಲಿ, ಗೋಡೆಗೆ ಏನು ಬಡಿಯಲಿ ಎಂದು ಕೇಳುತ್ತಾರೆ. ಅದನ್ನೆಲ್ಲ ಅಂಗಡಿಯವರೇ ಹೇಳುತ್ತಾರೆ. ಅಂಗಡಿಯವರು ಹೇಳದಿರುವುದನ್ನು ಬರೆಯೋಣ ಎಂದು ಕುಳಿತಿದ್ದೇನೆ.

ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ನಾನು ಈ ಕೆಲಸಕ್ಕೆ ಸೇರಿದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೆ. ತರಂಗ, ಅನುರಣನ ಎಲ್ಲ ಬಾಯಿಪಾಠವಿತ್ತು, ಮೈಕನ್ನು ಮಾತ್ರ ಮುಟ್ಟಿರಲಿಲ್ಲ. ಗಂಗಾವತಿಯಲ್ಲಿ ಖಾದರ್ ಸಾಹೇಬರದು ಕ್ಯಾಸೆಟ್ ಸ್ಟುಡಿಯೊ. ಕೆಲಸ ಕೇಳಲು ಹೋದಾಗ ಅಲ್ಲಿದ್ದ ತಬಲಾದವರು, "ಹೆಣ್ಣುಮಗಳಿಗಿ ಈ ವೈರಿನ ಕೆಲಸ ಯಾಕ್ರಿ ಸಾಹೇಬ್ರ?" ಎಂದರು. ಸಾಹೇಬರು ಕ್ಯಾಸೆಟ್ಟಿಗೆ ಚೀಟಿ ಅಂಟಿಸುತ್ತಲೇ, "ಈ ಕೆಲಸಕ್ಕ ಕಿವಿ ಬೇಕು. ಮೀಸಿ ಇದ್ರ ನಡೀತದ ಅಂದಿದ್ರ ನಿನ್ನ ಎಂದೋ ಇಟಗೊಂತಿದ್ನಿ," ಎಂದರು. ಮರುದಿನದಿಂದ ನನ್ನ ಕೆಲಸ ಶುರುವಾಯಿತು.

ಗೋಡೆಗೆ ಗೋಣಿಚೀಲ, ಅದರ ಮೇಲೆ ಹಳೆಯ ಹತ್ತಿ ಗಾದಿ, ಬಾಗಿಲ ಮೇಲೊಂದು ಕೆಂಪು ದೀಪ. ದೀಪ ಹತ್ತಿತೆಂದರೆ ಫ್ಯಾನು ಬಂದ್, ಬೀದಿ ಬಾಗಿಲು ಬಂದ್, ಮಾತು ಬಂದ್. ಭಜನೆ ಪದ, ಮೊಹರಮ್ಮಿನ ರಿವಾಯತ್ ಪದ, ಚುನಾವಣೆ ಬಂದರೆ ಆಟೊದಲ್ಲಿ ಕೂಗುವ ಪ್ರಚಾರ, ಮುಂಗಾರಿಗೆ ಬೀಜದ ಜಾಹೀರಾತು. ಯಾವುದಕ್ಕೂ ಕತ್ತರಿಸಿ ಜೋಡಿಸುವ ಸೌಲಭ್ಯವಿರಲಿಲ್ಲ. ನಡುವೆ ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಹಾಡಬೇಕು. ಹೀಗೆ ನಡುವೆ ನಿಲ್ಲಿಸದೆ ಮಾಡುವ ಒಂದೊಂದು ಮುದ್ರಣಕ್ಕೂ ನಮ್ಮ ಬಾಯಲ್ಲಿ 'ಟೇಕು' ಎಂದು ಹೆಸರು.

ಸೇರಿದ ಎರಡನೇ ತಿಂಗಳು ಒಬ್ಬ ಮುದುಕರು ರಿವಾಯತ್ ಹಾಡಲು ಬಂದಿದ್ದರು. ಇಪ್ಪತ್ತು ನಿಮಿಷ ಕಣ್ಣು ತೆರೆಯದೆ ಹಾಡಿದರು. ಕೊನೆಯ ನುಡಿಯಲ್ಲಿ ನಾನು ಸೀನಿದೆ. ಅವರು ನೀರು ಕುಡಿದು ಮತ್ತೆ ಹಾಡಿದರು. ಆದರೆ ಅದು ಬರೀ ಹಾಡಾಗಿತ್ತು, ಮೊದಲನೆಯದು ಬೇರೆ ಏನೋ ಆಗಿತ್ತು. ಸಾಹೇಬರು ಆ ದಿನ ಬೈಯಲಿಲ್ಲ. ಮರುದಿನ ಎಲ್ಲರೂ ಚಹಾ ಕುಡಿಯುವಾಗ ದೊಡ್ಡ ಸ್ಪೀಕರಿನಲ್ಲಿ ಆ ಸೀನನ್ನು ಹಾಕಿದರು. "ಇವರು ಯಾರು ಕಲಾವಿದರು?" ಎಂದು ಕೇಳಿದರು. ನಾನು ಚಹಾದ ಬಟ್ಟಲಿನಲ್ಲಿ ಮುಖ ಹುದುಗಿಸಿದೆ.

ಆಮೇಲೆ ನಾನು ಸದ್ದು ಮಾಡಬಾರದೆಂಬ ಆ ನಿಯಮದ ದೊಡ್ಡ ಪೂಜಾರಿಯಾದೆ. ಸಾಹೇಬರ ಸ್ಟುಡಿಯೊದಲ್ಲಿ ಒಮ್ಮೆ ಹಾರ್ಮೋನಿಯಂ ನುಡಿಸುವವರ ಪಾದದ ಮೇಲೆ ಜರಿಹುಳು ಹತ್ತಿತ್ತು. ಅವರು ಮಿಸುಕಲಿಲ್ಲ, ಅದು ಕಚ್ಚಿದರೂ ಮಿಸುಕಲಿಲ್ಲ. ಪದ ಮುಗಿದು ದೀಪ ಆರಿದ ಮೇಲೆ, "ಯಪ್ಪಾ, ಸುಣ್ಣ ತರ್ರಿ," ಎಂದರು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನ್ನದೇ ಸ್ಟುಡಿಯೊ ಹಾಕಿದ ಮೇಲೆ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದೆ. ಹೇಳುವಾಗ ನನಗೆ ಹೆಮ್ಮೆ, ಕೇಳುವವರಿಗೆ ಭಕ್ತಿ. ಅಷ್ಟರಲ್ಲಿ ಕಂಪ್ಯೂಟರು ಬಂದಿತ್ತು. ಸೀನು, ಕೆಮ್ಮು, ಬಳೆಯ ಸದ್ದು ಎಲ್ಲವನ್ನೂ ಕೂತಲ್ಲೇ ಒರೆಸಬಹುದಿತ್ತು. ನಿಯಮಕ್ಕೆ ಇದ್ದ ಕಾರಣ ಹೋಗಿತ್ತು, ನಿಯಮ ಮಾತ್ರ ಇತ್ತು. ಅದನ್ನು ಯಾಕೆ ಇಟ್ಟುಕೊಂಡಿದ್ದೇನೆಂದು ಒಮ್ಮೆಯೂ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಆ ನಾಲ್ವರು ತರುಣರು ಬಂದದ್ದು ಸ್ಟುಡಿಯೊ ಶುರುವಾಗಿ ಬಹಳ ವರ್ಷಗಳ ಮೇಲೆ. ಗಿಟಾರಿನ ಶರಣು ಕೊಪ್ಪಳದ ಒಂದು ಕಚೇರಿಯಲ್ಲಿ ಗುಮಾಸ್ತ. ಡ್ರಮ್ಮಿನ ಸಾದಿಕ್ ಭಾಗ್ಯನಗರದಲ್ಲಿಯೇ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ದಪ್ಪ ತಂತಿಯ ಬೇಸ್ ಗಿಟಾರಿನ ಹುಲಗಪ್ಪ ಹುಲಿಹೈದರದವ, ಮನೆಯಲ್ಲಿ ಕುರಿ, ಹೊಲ. ಹಾಡುವವನು ಈರಣ್ಣ, ಕುಷ್ಟಗಿ ಕಡೆಯವ. ಅವರದು ಡೆತ್ ಮೆಟಲ್ ತಂಡ, ಗುರುಗುಟ್ಟಿ ಹಾಡುವ ವಿದೇಶಿ ರಾಕ್ ಸಂಗೀತದ ಬಗೆ. ಗಿಟಾರು ಗರಗಸದ ಹಾಗೆ ಕೊರೆಯುತ್ತಿತ್ತು, ಡ್ರಮ್ಮು ಆಲಿಕಲ್ಲಿನ ಹಾಗೆ ಬೀಳುತ್ತಿತ್ತು. ಈರಣ್ಣ ಬಾಯಿ ತೆರೆದಾಗ ನಾನು ಮೊದಲು ನೋಡಿದ್ದು ಸ್ಪೀಕರು ಹರಿಯಿತೇನೋ ಎಂದು.

"ಇದು ಹಾಡ ಏನಪಾ?"

"ಹಾಡ ರೀ ಅಕ್ಕಾರ. ಮಾತು ಅದಾವು ನೋಡ್ರಿ ಒಳಗ," ಎಂದು ಚೀಟಿ ತೋರಿಸಿದ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಅವನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಗುರುಗುಟ್ಟಿಸಿ ನೋಡಿದೆ. ಸಾಮಾನ್ಯ ಹಾಡಿನಲ್ಲಿ ನಡುಗುವ ಜಾಗ ಸುಮ್ಮನಿತ್ತು. ಅದಕ್ಕಿಂತ ಮೇಲಿನದೇನೋ ಬಡಿದುಕೊಳ್ಳುತ್ತಿತ್ತು. ಎಲ್ಲಿ ಕಲಿತೆ ಎಂದರೆ ಸೂರ್ಯಕಾಂತಿ ಹೊಲದಲ್ಲಿ ಎಂದ. ಗಿಳಿ ಓಡಿಸಲು ಅಟ್ಟಣಿಗೆಯ ಮೇಲೆ ನಿಂತು ದಿನವಿಡೀ ಕೂಗುತ್ತಿದ್ದನಂತೆ. ಗಂಟಲು ನೋಯದ ಹಾಗೆ ಕೂಗುವ ದಾರಿ ಹುಡುಕುತ್ತ ಹುಡುಕುತ್ತ ಈ ದನಿ ಸಿಕ್ಕಿತಂತೆ. ಅವನ ತಾಯಿ ಒಮ್ಮೆ ಬಂದು ಹೆಡ್‌ಫೋನಿನಲ್ಲಿ ಮಗನ ಹಾಡು ಕೇಳಿ, "ಯಾರಿಗಿ ಇಷ್ಟ ಬೈಯಾಕತ್ಯಾನವಾ ಇವ? ಮನ್ಯಾಗ ಬಾಯಿನ ಬಿಡಂಗಿಲ್ಲ," ಎಂದಿದ್ದರು.

ಮೊದಲ ಆಲ್ಬಮ್ ಮುಗಿದ ಮರುವರ್ಷ ಈರಣ್ಣ ಕಾಮಾಲೆಯಿಂದ ತೀರಿಕೊಂಡ. ಬೇರಿನ ಔಷಧಿಯೆಂದು ಮೂರು ವಾರ ಕಳೆದಿದ್ದರು.

ನಾಲ್ಕು ತಿಂಗಳ ಮೇಲೆ ಉಳಿದ ಮೂವರು ಬಂದರು. ಹೊಸ ಹಾಡುಗಾರನನ್ನು ಹುಡುಕಿದ್ದೀರಾ ಎಂದೆ. ಶರಣು ತಲೆಯಾಡಿಸಿದ. "ಅವನ ಜಾಗಾದಾಗ ಮನಷ್ಯಾನ್ನ ನಿಂದರಸಂಗಿಲ್ರಿ. ಯಾರ ಬಂದ್ರೂ ಈರಣ್ಣನಂಗ ಅದಾನೋ ಇಲ್ಲೋ ಅಂತ ನೋಡ್ತೀವಿ. ಅದು ಅವನಿಗೂ ಛಲೋ ಅಲ್ಲ, ಬಂದವಗೂ ಛಲೋ ಅಲ್ಲ."

"ಮತ್ತ ಹಾಡವ್ರು ಯಾರು?"

"ಮಷೀನು," ಎಂದ ಸಾದಿಕ್. "ನಮ್ಮ ಜಿಲ್ಲಾದಾಗ ಒದರೂ ಮಷೀನು ಎಷ್ಟ ಅದಾವ್ರಿ. ಕೇಳವ್ರ ಇಲ್ಲ."

ಅವರ ಯೋಜನೆ ಹೀಗಿತ್ತು: ಹಾಡುಗಾರನ ದನಿ ಇರಬೇಕಾದ ಕಡೆಯಲ್ಲೆಲ್ಲ ಊರಿನ ಯಂತ್ರದ ದನಿ. ಇಪ್ಪತ್ತು ವರ್ಷ ಗೋಣಿಚೀಲದ ಕೋಣೆಯಲ್ಲಿ ಹೊರಗಿನ ಸದ್ದನ್ನು ತಡೆಯುತ್ತ ಕೂತಿದ್ದ ನನಗೆ ಅದನ್ನೇ ಹುಡುಕಿಕೊಂಡು ಹೋಗುವುದು ಹೊಸ ಹುಚ್ಚಾಯಿತು. ಯಲಬುರ್ಗಾದ ದಿಬ್ಬದಲ್ಲಿ ಗಾಳಿಯಂತ್ರದ ಕಂಬಕ್ಕೆ ಮೈಕು ಕಟ್ಟಿದೆವು. ರೆಕ್ಕೆಯ ಸದ್ದಿಗಿಂತ ಕಂಬದೊಳಗಿನ ಗುಂಯ್‌ಗುಟ್ಟುವಿಕೆ ಚೆನ್ನಾಗಿತ್ತು. ಕುಷ್ಟಗಿ ಕಡೆ ಗ್ರಾನೈಟ್ ಕೊಯ್ಯುವಲ್ಲಿ ನೀರು ಕಡಿಮೆಯಾದಾಗ ಬ್ಲೇಡು ಮಾಡುವ ಕೀರಲು ಸಿಕ್ಕಿತು. ಅಲ್ಲಿನ ಮಾಲೀಕ, "ಈ ಸಪ್ಪಳ ಕೇಳಿ ನಮ್ಮ ಮಂದಿ ಕಿವಿಗಿ ಹತ್ತಿ ಇಟಗೊಂತಾರ, ನೀವು ತುಂಬಕೊಂಡು ಹೊಂಟೀರಿ," ಎಂದು ನಕ್ಕು ಚಹಾ ಕುಡಿಸಿದ. ಹೋದಲ್ಲೆಲ್ಲ ನಾನು ನಿಯಮ ಹೇಳುತ್ತಿದ್ದೆ: ನಾನು 'ಕೆಂಪು' ಎಂದ ಮೇಲೆ 'ಆಯ್ತು' ಎನ್ನುವ ತನಕ ಯಾರ ಬಾಯಿಂದಲೂ ಸದ್ದು ಬರಬಾರದು, ಏನೇ ಆದರೂ. ಜರಿಹುಳುವಿನ ಕಥೆಯನ್ನೂ ಹೇಳಿದ್ದೆ. ಹುಲಗಪ್ಪ ಬಾಯಿ ತೆರೆದುಕೊಂಡು ಕೇಳಿದ್ದ.

ಉಳಿದದ್ದು ಗಂಗಾವತಿಯ ಗಿರಣಿ. ಅಲ್ಲಿ ಭತ್ತ ತುಂಬುವ ಕಬ್ಬಿಣದ ಕಣಜಗಳಿರುತ್ತವೆ, ಒಂದೊಂದೂ ಎರಡು ಅಂತಸ್ತಿನ ಎತ್ತರ. ಬುಡದಲ್ಲಿರುವ ಗೇಟು ತೆರೆದರೆ ಭತ್ತ ಇಳಿದು ಯಂತ್ರಕ್ಕೆ ಹೋಗುತ್ತದೆ. ಹಾಗೆ ಇಳಿಯುವಾಗ ಕಣಜದ ಮೈ ಒಂದು ಬಗೆಯಲ್ಲಿ ನರಳುತ್ತದೆ ಎಂದು ಗಿರಣಿಯ ಸತ್ಯಂ ಮೇಸ್ತ್ರಿ ಹೇಳಿದ್ದ. ಕಾಲುವೆ ಬದಿಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವ, ಮಾತಿನಲ್ಲಿ ತೆಲುಗು ಬೆರೆಸುವವ. ನಮಗೆ ಆ ನರಳಿಕೆ ಬೇಕಿತ್ತು. ಬಲಗಡೆಯ ಮೈಕನ್ನು ಗೇಟಿನ ಹತ್ತಿರ ಇಟ್ಟೆ. ಎಡಗಡೆಯದು ಮೇಲೆ, ಕಣಜದ ಒಳಗೆ ಬೇಕು. ಸ್ಟ್ಯಾಂಡು ಭತ್ತದ ಮೇಲೆ ನಿಲ್ಲಲಿಲ್ಲ. "ನಾ ಹಿಡಕೊಂಡು ನಿಂದರ್ತೀನಿ ಬಿಡ್ರಿ," ಎಂದು ಹುಲಗಪ್ಪ ಏಣಿ ಹತ್ತಿ ಒಳಗಿಳಿದ. ಕಾಲು ಮೊಣಕಾಲ ತನಕವೂ ಹೂಳದಷ್ಟು ಭತ್ತ ಗಟ್ಟಿಯಾಗಿತ್ತು, ಹೊಲದಲ್ಲಿ ನಿಂತ ಹಾಗೆ ನಿಂತ. ಇದನ್ನು ನಾನೇ ಇಣುಕಿ ನೋಡಿ, ಸರಿಯಾಗಿದೆ ಎಂದು ಕೆಳಗಿಳಿದು ಬಂದೆ. ಶರಣು, ಸಾದಿಕ್ ಇಬ್ಬರೂ ನನ್ನ ಪಕ್ಕದಲ್ಲಿದ್ದರು. ಮೇಲೆ ಅವನೊಬ್ಬನೇ. ಮೇಸ್ತ್ರಿ ಆಚೆ ಗೇಟಿನ ಹಿಡಿಕೆಯ ಹತ್ತಿರ ನಿಂತಿದ್ದ. ಮೇಲೆ ಮನುಷ್ಯನಿದ್ದಾನೆಂದು ಅವನಿಗೆ ನಾವು ಹೇಳಲಿಲ್ಲ. ಸ್ಟ್ಯಾಂಡು ನಿಂತಿತೆಂದೇ ಅವನು ತಿಳಿದಿದ್ದ.

ನಾನು "ಕೆಂಪು" ಎಂದೆ. ಗೇಟು ಒಂದು ಗೇಣು ತೆರೆಯಿತು.

ಎರಡು ನಿಮಿಷ ಕಣಜ ನರಳಿತು, ಮೇಸ್ತ್ರಿ ಹೇಳಿದ ಹಾಗೆಯೇ. ಹನ್ನೊಂದು ಹದಿನೇಳಕ್ಕೆ ಎಡಕಿವಿಯಲ್ಲಿ ದನಿ ಇಳಿಯತೊಡಗಿತು. ಸರಸರ ಎಂಬ ಚೂಪು ಹೋಗಿ ಕೆಳಗಿನ ಮಂದ್ರ ಮಾತ್ರ ಉಳಿಯಿತು. ಭೂಮಿಯೊಳಗೆ ಯಾರೋ ದೊಡ್ಡ ಕಲ್ಲು ಉರುಳಿಸುತ್ತಿದ್ದಾರೆ ಅನ್ನಿಸಿತು. ಓದಿದವಳು ನಾನು. ಮೈಕಿನ ಮೇಲೆ ಏನಾದರೂ ಕವಿದರೆ ಮೊದಲು ಸಾಯುವುದು ಎತ್ತರದ ಸ್ವರ ಎಂದು ಮೊದಲ ವರ್ಷದ ಪಾಠದಲ್ಲೇ ಇದೆ. ಪಾಠ ನೆನಪಾಯಿತು, ಅದರ ಅರ್ಥ ಹೊಳೆಯಲಿಲ್ಲ. ಶರಣುವಿನ ಕಡೆ ನೋಡಿ ಬೆರಳಿನಿಂದ 'ಅದ್ಭುತ' ಎಂದು ಸನ್ನೆ ಮಾಡಿದೆ. ಮೇಸ್ತ್ರಿಗೆ ಇನ್ನೂ ಒಂದು ನಿಮಿಷ ಬಿಡು ಎಂದು ಸನ್ನೆ ಮಾಡಿದೆ.

ಹದಿನೆಂಟಕ್ಕೆ ಎಡಗಡೆ ಪೂರ್ತಿ ಸತ್ತಿತು. ಕೇಬಲ್ ಹೋಯಿತು ಅಂದುಕೊಂಡೆ. ಇದು ನನ್ನ ವೃತ್ತಿಯ ಚಾಳಿ: ದನಿ ನಿಂತರೆ ನಾವು ಮನುಷ್ಯನನ್ನು ನೋಡುವುದಿಲ್ಲ, ವೈರು ನೋಡುತ್ತೇವೆ. ಬಾಗಿ ಪ್ಲಗ್ಗು ತೆಗೆದು ಊದಿ ಹಾಕಿದೆ. ಬರಲಿಲ್ಲ. ಇನ್ನೊಂದು ತೂತಿಗೆ ಹಾಕಿದೆ. ಬಲಗಡೆಯ ಮೈಕು ಓಡುತ್ತಿತ್ತಲ್ಲ, ಟೇಕು ಕೆಡದಿರಲೆಂದು ಇದನ್ನೆಲ್ಲ ಸದ್ದಿಲ್ಲದೆ ಮಾಡಿದೆ. ಆ ಒಂದು ನಿಮಿಷ ಹತ್ತು ಸೆಕೆಂಡು ಗೇಟು ತೆರೆದೇ ಇತ್ತು.

ಉಳಿಸಿದ್ದು ದುರುಗಮ್ಮ, ಮೇಲಿನ ಅಟ್ಟದಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸು. ಕಣಜದ ಬಾಯಿ ಯಾಕೆ ತೆರೆದಿದೆ ಎಂದು ಇಣುಕಿದಳು. ನನ್ನ ನಿಯಮ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕೂಗಿದ್ದು ನನ್ನ ಹೆಡ್‌ಫೋನು ದಾಟಿ ಕೇಳಿಸಿತು: "ಗೇಟ್ ಹಾಕ್ರೋ ಮುಕಳಿ ಹರಕರಾ, ಮನಷ್ಯಾ ಅದಾನ ಒಳಗ."

ಮೇಸ್ತ್ರಿ ಒಂದೇ ಏಟಿಗೆ ಗೇಟು ಹಾಕಿದ. ನಾವು ಹತ್ತಿ ನೋಡಿದಾಗ ಹುಲಗಪ್ಪ ಕಂಕುಳ ತನಕ ಹೂತಿದ್ದ. ಕೈಗಳೆರಡೂ ಮೇಲಿದ್ದವು, ಮೈಕು ಜಾರಿ ಭತ್ತದೊಳಗೆ ಹೋಗಿತ್ತು. ಮುಖ ಕಪ್ಪಿಟ್ಟಿತ್ತು. ಉಸಿರು ಬಿಟ್ಟಷ್ಟೂ ಭತ್ತ ಆ ಜಾಗ ತುಂಬಿ ಎದೆಯನ್ನು ಬಿಗಿಯುತ್ತಿತ್ತು. ಗೇಟು ತೆರೆದಿದ್ದಾಗ ನೀರಿನಂತೆ ಹರಿದ ಅದೇ ಭತ್ತ ಈಗ ಗಾರೆಯಾಗಿತ್ತು. ಸಾದಿಕ್ ಹಗ್ಗ ತಂದು ಅವನ ಕಂಕುಳಿಗೆ ಹಾಕಲು ಹೋದ. ದುರುಗಮ್ಮ ಕಸಬರಿಗೆಯಿಂದ ಅವನ ಕೈಗೆ ಹೊಡೆದಳು. "ಎಳದ್ರ ನಡಾ ಕಳಚತದ, ಜೀವ ಬರೂದಿಲ್ಲ. ನೋಡೀನಿ ನಾ."

"ತಗಡು ಕೊಯ್ತೀನಿ," ಎಂದು ಸಾದಿಕ್ ಗ್ಯಾಸ್ ಕಟರಿಗೆ ಓಡಿದ. ಮೇಸ್ತ್ರಿ ಅವನ ಅಂಗಿ ಹಿಡಿದು ನಿಲ್ಲಿಸಿದ. "ಏಮಯ್ಯಾ, ಧೂಳಿಗೆ ಕಿಡಿ ಬಿದ್ರ ಗಿರಣಿ ಜತಿಗಿ ನಾವೂ ಹೋಗ್ತೀವಿ. ತಗಡಿನ ಶೀಟು ತಾ."

ಚಾವಣಿಗೆ ತಂದಿಟ್ಟಿದ್ದ ನಾಲ್ಕು ತಗಡು ಬಂದವು. ಕಣಜಕ್ಕೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಮಲಗಿ, ಹುಲಗಪ್ಪನ ನಾಲ್ಕೂ ಕಡೆ ತಗಡನ್ನು ಭತ್ತದೊಳಗೆ ಒತ್ತಿ ಇಳಿಸಿದರು. ಬಾವಿಗೆ ಗೋಡೆ ಕಟ್ಟಿದ ಹಾಗಾಯಿತು. ಆಮೇಲೆ ಆ ಗೋಡೆಯ ಒಳಗಿನ ಭತ್ತವನ್ನಷ್ಟೇ ಪುಟ್ಟಿಯಲ್ಲಿ, ಬೊಗಸೆಯಲ್ಲಿ ತೋಡಿ ತೆಗೆದರು. ತಗಡನ್ನು ಇನ್ನಷ್ಟು ಒತ್ತುವುದು, ಇನ್ನಷ್ಟು ತೋಡುವುದು. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ನನಗೆ ಕೊಟ್ಟ ಕೆಲಸ ಟಾರ್ಚು ಹಿಡಿಯುವುದು. ಎದೆ ಬಿಡುಗಡೆಯಾಗಿ ಮೊದಲ ಪೂರ್ತಿ ಉಸಿರು ಎಳೆದುಕೊಂಡ ಮೇಲೆ ಅವನು ನನ್ನನ್ನು ಹುಡುಕಿ ನೋಡಿ, ಪಿಸುದನಿಯಲ್ಲಿ ಕೇಳಿದ, "ಟೇಕು ಛಲೋ ಬಂತೇನ್ರಿ ಅಕ್ಕಾರ?"

ನಾನು ಬಂತು ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಆಸ್ಪತ್ರೆಯಲ್ಲಿ ಅವನ ಕಿವಿಯಿಂದ ಭತ್ತದ ಕಾಳು ತೆಗೆದು ಸ್ಟೀಲಿನ ತಟ್ಟೆಯಲ್ಲಿ ಹಾಕಿದ್ದರು. ಯಾಕಪ್ಪಾ ಕೂಗಲಿಲ್ಲ ಎಂದು ಕೇಳಿದೆ. "ಮೊದಲ ಮೊಣಕಾಲ ತನಕ ಹೋತ್ರಿ. ಎರಡ ನಿಮಿಷದ ಮಾತು, ಟೇಕು ಮುಗೀಲಿ ಅಂದ್ನಿ. ನೀವ ಹೇಳಿದ್ರೆಲ್ಲ, ಹಾರ್ಮೋನಿಯಂದವ್ರು ಜರಿ ಕಡದ್ರೂ ತಡಕೊಂಡಿದ್ರು ಅಂತ. ನಡಕ್ಕ ಬಂದಾಗ ಒದರೂಣು ಅಂದ್ನಿ, ಒದರಾಕ ಉಸರ ಇರಲಿಲ್ಲ." ಅವನ ತಾಯಿ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು. ನನ್ನ ಕಡೆ ನೋಡಿ ಒಂದು ತೊಳೆ ನನಗೂ ಕೊಟ್ಟರು.

ಆ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಹತ್ತಿದರೂ ಗಂಟೆಗೊಮ್ಮೆ ಎಚ್ಚರ. ಎದ್ದರೆ ಕೈ ಪ್ಲಗ್ಗು ಹುಡುಕುತ್ತಿತ್ತು. ಹಗಲಲ್ಲಿ ಆ ಫೈಲು ಕೇಳುತ್ತಿದ್ದೆ. ಮೊದಲು ತಪ್ಪಿತಸ್ಥಳ ಹಾಗೆ ಕೇಳಿದೆ, ಆಮೇಲೆ ವಿದ್ಯಾರ್ಥಿಯ ಹಾಗೆ ಕೇಳಿದೆ. ಎಲ್ಲಿ ಗೊತ್ತಾಗಬೇಕಿತ್ತು? ಯಾವ ಸೆಕೆಂಡಿನಲ್ಲಿ? ಅಲೆಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಹದಿನೇಳನೇ ನಿಮಿಷದ ಇಪ್ಪತ್ತೆರಡನೇ ಸೆಕೆಂಡಿಗೆ ಮೈಕನ್ನು ಹಿಡಿದ ಕೈ ಒಮ್ಮೆ ಬಿಗಿಯಾದ ಸಣ್ಣ ಕಟಕ್ ಇದೆ. ಅದನ್ನು ನಾನು ಆಗಲೂ ಕೇಳಿದ್ದೆ. ಕೈಯಲ್ಲಿ ಮೈಕು ಹಿಡಿದರೆ ಇದೇ ತೊಂದರೆ, ಆಮೇಲೆ ಒರೆಸಬೇಕು ಅಂದುಕೊಂಡಿದ್ದೆ.

ಎರಡು ತಿಂಗಳ ಮೇಲೆ ಮೂವರೂ ಸ್ಟುಡಿಯೊಕ್ಕೆ ಬಂದರು. ಉಳಿದ ಹಾಡುಗಳೆಲ್ಲ ಮುಗಿದಿದ್ದವು, ಗಿರಣಿಯದೊಂದೇ ಬಾಕಿ. ಶರಣು ನೆಲ ನೋಡುತ್ತ, ಆ ದಿನದ ಫೈಲನ್ನೇ ಹಾಕಬಹುದೇನೋ, ಹುಲಗಪ್ಪ ಒಪ್ಪಿದರೆ, ಎಂದ. ಸಾದಿಕ್, "ನಿನಗ ನಾಚಿಕಿ ಐತೇನಲೇ?" ಎಂದ. ಹುಲಗಪ್ಪ ಮಾತ್ರ ಹೆಡ್‌ಫೋನು ಕೇಳಿದ. ಪೂರ್ತಿ ಕೇಳಿ, ತೆಗೆದು, ಮೇಜಿನ ಮೇಲಿಟ್ಟ.

"ಇದರಾಗ ನಾ ಇಲ್ರಿ," ಎಂದ. "ಅಷ್ಟ ಒದ್ದಾಡೀನಿ, ಒಂದ್ ಸಪ್ಪಳ ಬಂದಿಲ್ಲ. ಬರೇ ಭತ್ತ ಐತಿ. ಇದು ಬ್ಯಾಡ. ಮತ್ತೊಮ್ಮಿ ಹೋಗೂಣು."

ನಾನು ಬರುವುದಿಲ್ಲ ಎಂದೆ. ಅವನು ಕೇಳಲಿಲ್ಲ. "ನೀವು ಬರಲಿಲ್ಲಂದ್ರ ನನಗ ಇದು ಕಿವ್ಯಾಗ ಹಂಗ ಉಳೀತದ್ರಿ," ಎಂದ. ತನ್ನ ಕಿವಿಯ ಮಾತು ಹೇಳಿದನೋ ನನ್ನದನ್ನು ಹೇಳಿದನೋ.

ಗಿರಣಿಗೆ ಮತ್ತೆ ಹೋದೆವು. ಈ ಸಲ ಕಣಜದ ಒಳಗೆ ಯಾರೂ ಇಲ್ಲ. ಮೈಕನ್ನು ಹಗ್ಗದಿಂದ ಇಳಿಬಿಟ್ಟೆವು. ಮೇಲೆ ಬಾಯಿಯ ಹತ್ತಿರ ದುರುಗಮ್ಮ ಕೂತಳು. ಹುಲಗಪ್ಪ ನನ್ನ ಪಕ್ಕದಲ್ಲಿ. ಹೊಸ ನಿಯಮ ಹೇಳಿದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಕೂಗಬಹುದು. ಕೂಗಿದ ಕೂಡಲೇ ಗೇಟು ಹಾಕುವುದು, ಆಮೇಲೆ ಕೇಳುವುದು.

"ಕೆಂಪು" ಎಂದು ಅರ್ಧ ನಿಮಿಷವಾಗಿರಲಿಲ್ಲ. "ನಿಲ್ಲಸ್ರೀ," ಎಂದು ಹುಲಗಪ್ಪ ಕೂಗಿದ. ಗೇಟು ಬಿತ್ತು. ನಾನು ಹೆಡ್‌ಫೋನು ಕಿತ್ತು ಅವನ ಕಡೆ ತಿರುಗಿದೆ. "ಏನಾತೋ?"

"ಏನಿಲ್ರಿ. ನಿಲ್ಲತದೋ ಇಲ್ಲೋ ನೋಡಿದ್ನಿ."

ಎರಡನೇ ಸಲ ಒಂದು ನಿಮಿಷಕ್ಕೆ. "ನಿಲ್ಲಸ್ರೀ. ಬಾಯಿ ಒಣಗೇತಿ." ನೀರು ಕುಡಿದ. ಮೂರನೇ ಸಲ ಕಾಲಿಗೆ ಇರುವೆ. ನಾಲ್ಕನೆಯದಕ್ಕೆ ಮೇಲಿನಿಂದ ದುರುಗಮ್ಮ, "ನಿಲ್ಲಸ್ರೋ, ನನ್ನ ಚಪ್ಪಲಿ ಒಳಗ ಬಿತ್ತು," ಎಂದಳು. ಸುಳ್ಳು, ಚಪ್ಪಲಿ ಅವಳ ಕಾಲಲ್ಲೇ ಇತ್ತು. ಸತ್ಯಂ ಮೇಸ್ತ್ರಿ ಬೆವರು ಒರೆಸಿಕೊಂಡು, "ಏಮಮ್ಮಾ, ಇದು ಗಿರಣಿನೋ ಜೋಕಾಲಿನೋ? ನನ್ನ ಕೈ ಬಿದ್ದು ಹೋದಾವು," ಎಂದ. ಆದರೂ ಪ್ರತಿ ಸಲ, ಕೂಗು ಮುಗಿಯುವ ಮೊದಲೇ ಗೇಟು ಹಾಕುತ್ತಿದ್ದ. ಹನ್ನೊಂದು ಸಲ ಶುರುಮಾಡಿದೆವು, ಹನ್ನೊಂದು ಸಲವೂ ಕೆಟ್ಟಿತು. ಕೊನೆಯದನ್ನು ಕೆಡಿಸಿದ್ದು ನಾನು. ಕಾರಣವೇನೂ ಇರಲಿಲ್ಲ. "ನಿಲ್ಲಿಸಿ" ಎಂದು ನನ್ನ ಬಾಯಿಂದ ಬಂದಾಗ ಅದು ನನಗೇ ಹೊಸ ದನಿಯಾಗಿ ಕೇಳಿತು. ಇಪ್ಪತ್ತು ವರ್ಷದಲ್ಲಿ ಟೇಕಿನ ನಡುವೆ ನಾನು ಆಡಿದ ಮೊದಲ ಮಾತು ಅದು. ಹುಲಗಪ್ಪ ಪಕ್ಕೆ ಹಿಡಿದುಕೊಂಡು ನಕ್ಕ.

ಪೂರ್ತಿಯಾದ ಟೇಕು ಒಂದೂ ಸಿಗಲಿಲ್ಲ. ಶರಣು ಆ ಹನ್ನೊಂದು ತುಂಡುಗಳನ್ನೇ ಒಂದರ ಹಿಂದೆ ಒಂದು ಜೋಡಿಸಿದ. ಕಣಜ ನರಳುತ್ತದೆ, ಯಾರೋ ನಿಲ್ಲಿಸಿ ಎನ್ನುತ್ತಾರೆ, ನಿಲ್ಲುತ್ತದೆ, ಗಿಟಾರು ಬರುತ್ತದೆ. ಇಡೀ ಆಲ್ಬಮ್ಮಿನಲ್ಲಿ ಮನುಷ್ಯರ ದನಿ ಇರುವುದು ಅದೊಂದರಲ್ಲೇ. ಹಳೆಯ ಫೈಲನ್ನು ನಾನು ಅಳಿಸಿಲ್ಲ. ಹೊಸಬರು ಬಂದು ಕೇಳಿದರೆ ಹಾಕಿ ತೋರಿಸುತ್ತೇನೆ, ಇಪ್ಪತ್ತೆರಡನೇ ಸೆಕೆಂಡಿನ ಕಟಕ್ ಎಲ್ಲಿದೆಯೆಂದು ಅವರೇ ಹುಡುಕಲಿ ಎಂದು ಬಿಡುತ್ತೇನೆ.

ಗಿರಣಿಯಿಂದ ಮರಳಿದ್ದು ಒಂದು ಬುಧವಾರ. ಬಸ್ಸಿನಲ್ಲಿ ಮೂವರೂ ಜಗಳವಾಡುತ್ತ ಬಂದರು, ದುರುಗಮ್ಮನ ಕೂಗು ಹುಲಗಪ್ಪನದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ ಎಂದು. ಭಾಗ್ಯನಗರದಲ್ಲಿ ಇಳಿದು, ರೊಟ್ಟಿ ತಿಂದು, ಇನ್ನೂ ಬೀದಿಯಲ್ಲಿ ಜನ ಓಡಾಡುತ್ತಿರುವಾಗಲೇ ಅಡ್ಡಾದೆ. ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ತೆರೆದಾಗ ಬಿಸಿಲು ಕಿಟಕಿ ದಾಟಿ ಪಾತ್ರೆಯ ಕಪಾಟಿನ ತನಕ ಬಂದಿತ್ತು. ಹೊರಗೆ ಹಾಲಿನವನು ಪಕ್ಕದ ಮನೆಯವರಿಗೆ ಹೇಳುತ್ತಿದ್ದ, "ಅಕ್ಕಾರನ್ನ ಎಷ್ಟ ಕೂಗಿದ್ನಿ, ಏಳಲಿಲ್ಲ. ನಿಮ್ಮ ಹತ್ರ ಇಟಗೊರ್ರಿ." ಗುರುವಾರವಾಗಿತ್ತು.